ಷರಾ ಬರೆಯದ ಕಾಗದ

ಒಂದು ಹೆಜ್ಜೆ ಮುಂದಿಡದ ಮನುಷ್ಯನ ಮೇಲೆ ಐವತ್ತು ನಿಮಿಷದ ಟಿವಿ ನಾಟಕ ಬರೆಯಲು ಕುಳಿತಾಗ ನನ್ನ ಕೈಯಲ್ಲಿದ್ದದ್ದು ತೀರ್ಪಿನ ಪ್ರತಿ ಮತ್ತು ಕಲಬುರಗಿಯ ನಮ್ಮ ಹವ್ಯಾಸಿ ತಂಡ, ಅಷ್ಟೇ. ಪ್ರಕರಣ ಅಮೆರಿಕದ ಬಾಕ್ಸರ್ ಮುಹಮ್ಮದ್ ಅಲಿಯದು, ವಿಯೆಟ್ನಾಂ ಯುದ್ಧದ ಕಾಲದ್ದು. 1967ರ ಏಪ್ರಿಲ್ 28ರಂದು ಹ್ಯೂಸ್ಟನ್ನಿನ ಸೇನಾ ಭರ್ತಿ ಕೇಂದ್ರದಲ್ಲಿ ಅವರ ಹಳೆಯ ಹೆಸರನ್ನು ಕೂಗಿದರು. ಅವರು ನಿಂತಲ್ಲೇ ನಿಂತರು. ಹೆಜ್ಜೆ ಮುಂದಿಟ್ಟರೆ ಸೈನಿಕ, ಇಡದಿದ್ದರೆ ಅಪರಾಧಿ. ಐದು ವರ್ಷ ಸೆರೆ, ಹತ್ತು ಸಾವಿರ ಡಾಲರ್ ದಂಡ ಬಿತ್ತು. ಬಾಕ್ಸಿಂಗ್ ಪಟ್ಟವೂ ಪರವಾನಗಿಯೂ ಹೋದವು. ಜಾಮೀನಿನ ಮೇಲಿದ್ದುಕೊಂಡು 1971ರವರೆಗೆ ಕಾದರು.

ಮೊದಲ ಓದಿನ ದಿನವೇ ನಾಟಕ ನಿಂತುಹೋಗುವುದರಲ್ಲಿತ್ತು. ಮುಖ್ಯ ಪಾತ್ರಕ್ಕೆ ಆರಿಸಿದ್ದ ಹುಡುಗ ಪ್ರತಿಯನ್ನು ಮಡಚಿಟ್ಟ. “ಸರ್, ನನ್ನ ತಮ್ಮ ಸೈನ್ಯದಲ್ಲಿದ್ದಾನೆ. ಸೈನ್ಯ ಬೇಡ ಎನ್ನುವವನ ಪಾತ್ರ ನಾನು ಹೇಗೆ ಮಾಡಲಿ?” ಅವನ ಮಾತು ನನಗೆ ತಟ್ಟಿತು. ಭರ್ತಿ ರ‍್ಯಾಲಿಗೆಂದು ಆಳಂದ, ಸೇಡಂ ಕಡೆಯ ಹುಡುಗರು ನಸುಕಿನಲ್ಲೇ ಎದ್ದು ಓಡುವುದನ್ನು ನೋಡಿದವರು ನಾವು. ನಮ್ಮಲ್ಲಿ ಸೈನ್ಯಕ್ಕೆ ಹೋಗುವವರು ತಾವಾಗಿ ಹೋಗುತ್ತಾರೆ. ಅಂದಿನ ಅಮೆರಿಕದಲ್ಲಿ ಕಾನೂನೇ ಮನೆಯಿಂದ ಕರೆದೊಯ್ಯುತ್ತಿತ್ತು. ಈ ವ್ಯತ್ಯಾಸವನ್ನು ಬಿಡಿಸಿ ಹೇಳಿದೆ. ಅವನು ಅರ್ಧ ಒಪ್ಪಿದ. ಆಗ ಅವನಿಗೆ ಸರ್ಕಾರದ ಪರ ವಾದಿಸುವ ಸೊಲಿಸಿಟರ್ ಜನರಲ್ ಎರ್ವಿನ್ ಗ್ರಿಸ್ವೋಲ್ಡ್ ಪಾತ್ರ ಕೊಟ್ಟೆ. ಇಡೀ ನಾಟಕದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅದು. ‘ಇವರು ಎಲ್ಲ ಯುದ್ಧಗಳಿಗೂ ವಿರೋಧಿಯಲ್ಲ, ಈ ಯುದ್ಧಕ್ಕೆ ಮಾತ್ರ’ ಎಂಬ ವಾದವನ್ನು ಅವನು ನಂಬಿ ಮಾತಾಡಿದ. ಎದುರು ಪಕ್ಷ ಬಲವಾಗಿ ನಿಂತಿತು, ನಾಟಕಕ್ಕೆ ಜೀವ ಬಂದಿತು.

ಆದರೂ ಕಥೆ ಎಲ್ಲಿ ಕುಳಿತಿದೆ ಎಂಬುದು ನನಗೆ ಸಿಕ್ಕಿರಲಿಲ್ಲ. ತೋರಿಸಿಕೊಟ್ಟವರು ನಮ್ಮ ತಂಡದ ಅಕ್ಕ, ವೇಷಭೂಷಣ ನೋಡಿಕೊಳ್ಳುವವರು. ಯುದ್ಧಕ್ಕೆ ಹೋಗಲಾರೆ ಎನ್ನುವವನು ಅಲ್ಲಿ ಮೂರು ಪರೀಕ್ಷೆ ಗೆಲ್ಲಬೇಕಿತ್ತು: ಎಲ್ಲ ಯುದ್ಧಗಳನ್ನೂ ವಿರೋಧಿಸಬೇಕು, ವಿರೋಧ ಧರ್ಮದ ನಂಬಿಕೆಯಿಂದ ಬಂದಿರಬೇಕು, ಅದು ಪ್ರಾಮಾಣಿಕವಾಗಿರಬೇಕು. ಸೇನಾ ಭರ್ತಿಯ ಮೇಲ್ಮನವಿ ಮಂಡಳಿ ಅಲಿಯ ಅರ್ಜಿಯನ್ನು ತಳ್ಳಿಹಾಕಿತು. ಮೂರರಲ್ಲಿ ಯಾವುದರಲ್ಲಿ ಸೋತರೆಂದು ಬರೆಯಲೇ ಇಲ್ಲ. ಇದನ್ನು ಓದುವಾಗ ಅಕ್ಕ ನಡುವೆಯೇ ಹೇಳಿದರು, “ನಮ್ಮವ್ವನ ವಿಧವಾ ವೇತನದ ಅರ್ಜಿಯೂ ಹೀಗೆಯೇ ಬಂದಿತ್ತು. ತಿರಸ್ಕರಿಸಿದೆ ಎಂಬ ಮುದ್ರೆ, ಷರಾ ಕಾಲಂ ಖಾಲಿ.”

ಅಂದು ರಾತ್ರಿಯೇ ಮೊದಲಿನಿಂದ ಬರೆಯತೊಡಗಿದೆ. ಮನಸ್ಸಾಕ್ಷಿಯ ಮೇಲಿದ್ದ ಉದ್ದ ಭಾಷಣಗಳನ್ನು ಹೊಡೆದುಹಾಕಿದೆ. ‘ನನ್ನ ಮನಸ್ಸು ಒಪ್ಪುವುದಿಲ್ಲ’ ಎಂಬ ಒಂದೇ ಸಾಲು ಉಳಿಯಿತು. ಆ ಖಾಲಿ ಕಾಲಂ ಸುತ್ತ ದೃಶ್ಯಗಳನ್ನು ಕಟ್ಟಿದೆ. ಸುಪ್ರೀಂ ಕೋರ್ಟಿನ ಒಳಕೋಣೆಯಲ್ಲಿ ಮೊದಲು ಐವರು ಅಲಿಯ ವಿರುದ್ಧ, ಮೂವರು ಪರ. ಒಂಬತ್ತನೆಯ ಕುರ್ಚಿ ಖಾಲಿ: ಪ್ರಕರಣ ಶುರುವಾದಾಗ ಥರ್ಗುಡ್ ಮಾರ್ಷಲ್ ಅವರೇ ಸೊಲಿಸಿಟರ್ ಜನರಲ್ ಆಗಿದ್ದರಿಂದ ದೂರ ಉಳಿದರು. ಹಿರಿಯ ನ್ಯಾಯಮೂರ್ತಿ ಹಾರ್ಲನ್ ಮನಸ್ಸು ಬದಲಿಸಿದರು, ನಾಲ್ಕಕ್ಕೆ ನಾಲ್ಕಾಯಿತು. ಸಮ ಬಿದ್ದರೆ ಕೆಳಗಿನ ನ್ಯಾಯಾಲಯದ ಶಿಕ್ಷೆಯೇ ಉಳಿಯುತ್ತದೆ, ಅದೂ ವಿವರಣೆಯಿಲ್ಲದೆ. ಅಂದರೆ ಅಲಿಯ ಕೈಗೆ ಷರಾ ಇಲ್ಲದ ಇನ್ನೊಂದು ಕಾಗದ! ನಮ್ಮ ಬಿಗಿಯಾದ ದೃಶ್ಯ ಅದು.

ಚಿತ್ರೀಕರಣ ಮೇ ತಿಂಗಳಲ್ಲಿ, ಹಳೆಯ ಮನೆಯೊಂದರ ಪಡಸಾಲೆಯಲ್ಲಿ ನಡೆಯಿತು. ಸದ್ದಾಗುತ್ತದೆಂದು ಫ್ಯಾನ್ ಬಂದ್. ಶಹಾಬಾದ್ ಕಲ್ಲಿನ ನೆಲದ ಮೇಲೆ ಕುರ್ಚಿ ಸರಿದರೆ ಮೈಕಿನಲ್ಲಿ ಕಿರ್ರೆಂದು ಕೇಳುತ್ತಿತ್ತು. ಪ್ರತಿ ಕಾಲಿಗೂ ಗೋಣಿತಾಟಿನ ತುಂಡು ಸುತ್ತಿ ದಾರ ಬಿಗಿದೆವು. ಇದೇ ಪ್ರಕರಣದ ಮೇಲೆ 2013ರಲ್ಲಿ ಬಂದ ಅಮೆರಿಕದ ಟಿವಿ ಚಿತ್ರದಲ್ಲಿ ಅಲಿ ಹಳೆಯ ದೃಶ್ಯತುಣುಕುಗಳಲ್ಲಷ್ಟೇ ಕಾಣುತ್ತಾರೆ. ಆ ತುಣುಕುಗಳ ಹಕ್ಕು ಕೊಳ್ಳುವ ಶಕ್ತಿ ನಮಗಿರಲಿಲ್ಲ. ಅಲಿಯಂತೆ ಕಾಣಲೆಂದು ಯಾರದೋ ಮುಖಕ್ಕೆ ಕಪ್ಪು ಬಣ್ಣ ಬಳಿಯುವುದನ್ನು ನಾನು ಒಪ್ಪುವವನಲ್ಲ. ಹಾಗಾಗಿ ಪಾದಗಳನ್ನು ಮಾತ್ರ ತೋರಿಸಿದೆವು. ಸಾಲಾಗಿ ನಿಂತ ಬೂಟುಗಳು. ಹೆಸರು ಕೂಗಿದಂತೆ ಒಂದೊಂದೇ ಜೋಡಿ ಕಲ್ಲಿನ ಗೆರೆ ದಾಟುತ್ತದೆ. ಒಂದು ಜೋಡಿ ದಾಟುವುದಿಲ್ಲ. ಮತ್ತೆ ಕೂಗುತ್ತಾರೆ. ಆಗಲೂ ಇಲ್ಲ. ಆ ಬೂಟು ಹಾಕಿಕೊಂಡವನು ನಮ್ಮ ‘ಸೊಲಿಸಿಟರ್ ಜನರಲ್’. ತಾನಾಗಿಯೇ ಕೇಳಿ ನಿಂತ.

ಸಮ ಬಿದ್ದ ಬಿಕ್ಕಟ್ಟನ್ನು ಬಿಡಿಸಿದ್ದು ಆ ಖಾಲಿ ಕಾಲಂ. 1971ರ ಜೂನ್ 28ರ ತೀರ್ಪು ಅಲಿಯ ಪರ, ಎಂಟಕ್ಕೆ ಸೊನ್ನೆ. ನಂಬಿಕೆ ಧಾರ್ಮಿಕವೂ ಪ್ರಾಮಾಣಿಕವೂ ಹೌದೆಂದು ಸರ್ಕಾರವೇ ಅಷ್ಟರಲ್ಲಿ ಒಪ್ಪಿಕೊಂಡಿತ್ತು; ಮಂಡಳಿ ಯಾವ ಕಾರಣ ಹಿಡಿದಿತ್ತೆಂದು ತಿಳಿಯದ ಮೇಲೆ ಶಿಕ್ಷೆ ಊರ್ಜಿತವಾಗದು ಎಂದಿತು ನ್ಯಾಯಾಲಯ. ನಾಲ್ಕು ವರ್ಷ ಕಾಯಿಸಿ ಇಷ್ಟೇ ಹೇಳಿದರೇ ಎಂದು ತಂಡದಲ್ಲಿ ಸಿಟ್ಟಾದವರಿದ್ದರು. ನನಗೆ ಇದು ಸಣ್ಣದಾಗಿ ಕಾಣಲಿಲ್ಲ. ಕಾರಣ ಕೇಳುವ ಹಕ್ಕು ಚಾಂಪಿಯನ್ನನಿಗೆ ಇರುವಷ್ಟೇ ಅಕ್ಕನ ಅವ್ವನಿಗೂ ಇದೆ.

ಹಾರ್ಲನ್ ಪಾತ್ರ ಮಾಡಿದವರು ನಿವೃತ್ತ ಮುಖ್ಯೋಪಾಧ್ಯಾಯರು, ನಾವೆಲ್ಲ ಕಾಕಾ ಎನ್ನುತ್ತೇವೆ. ಆ ನ್ಯಾಯಮೂರ್ತಿಗೆ ಕಣ್ಣು ಮಂಜಾಗಿತ್ತೆಂದು ತಿಳಿದ ಮೇಲೆ ಕಾಕಾ ಕಾಗದವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದುತ್ತಿದ್ದರು. ಕೊನೆಯ ಆದೇಶಕ್ಕೆ ಹಿನ್ನೆಲೆ ಸಂಗೀತ ಹಾಕೋಣವೇ ಎಂದು ಕೇಳಿದೆ. “ಬೇಡ ತಮ್ಮಾ. ಕಾಗದದ ಸದ್ದು ಕೇಳಲಿ” ಎಂದರು. ಹಾಗೆಯೇ ಬಿಟ್ಟೆವು.