ಪಿಂಗ್‌ಗೆ ಉತ್ತರ ಬರ್ತಿಲ್ವಾ? ಫೈರ್‌ವಾಲ್ ಆಫ್ ಮಾಡಬೇಡಿ, ತಡೀರಿ

ಹಾಲ್‌ನಲ್ಲಿರುವ ಕಂಪ್ಯೂಟರಿನ ಫೋಲ್ಡರ್ ಲ್ಯಾಪ್‌ಟಾಪಿನಲ್ಲಿ ತೆರೆಯುತ್ತಿಲ್ಲ ಎಂದರೆ ನಮ್ಮವರು ಮೊದಲು ವಿಂಡೋಸ್‌ನ ಫೈರ್‌ವಾಲ್ (ಹೊರಗಿನಿಂದ ಬರುವ ಸಂಪರ್ಕಗಳನ್ನು ತಡೆಯುವ ಕಾವಲುಗಾರ) ಆಫ್ ಮಾಡುತ್ತಾರೆ. ಆಮೇಲೆ ಅದನ್ನು ಆನ್ ಮಾಡಲು ಮರೆಯುತ್ತಾರೆ. ಅದೂ ಎಷ್ಟೋ ಸಲ ಲ್ಯಾಪ್‌ಟಾಪಿನದ್ದು! ಬಾಗಿಲು ಹಾಕಿರುವುದು ಹಾಲ್‌ನ ಕಂಪ್ಯೂಟರಿನಲ್ಲಿ ಅಲ್ವಾ?

ಎರಡರಲ್ಲೂ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ ಎಂದು ಇಂಗ್ಲಿಷಿನಲ್ಲಿ ಕೊಡಿ, ಆ ಕಂಪ್ಯೂಟರಿನ ನೆಟ್‌ವರ್ಕ್ ವಿಳಾಸ ಕಾಣುತ್ತದೆ. ಲ್ಯಾಪ್‌ಟಾಪಿನದ್ದು 192.168.1.5, ಹಾಲ್‌ನದ್ದು 192.168.1.7 ಎಂಬಂತೆ ಮೊದಲ ಮೂರು ಭಾಗ ಒಂದೇ ಇದ್ದರೆ ಮುಂದೆ ಹೋಗಿ. 169.254ರಿಂದ ಶುರುವಾದರೆ ರೂಟರ್ ವಿಳಾಸವನ್ನೇ ಕೊಟ್ಟಿಲ್ಲ, ಕೇಬಲ್ ನೋಡಿ. ಒಂದು ಗೆಸ್ಟ್ ವೈಫೈನಲ್ಲಿದ್ದರೆ ಇಂಟರ್ನೆಟ್ ಬರುತ್ತದೆ, ಪಕ್ಕದ ಕಂಪ್ಯೂಟರ್ ಮಾತ್ರ ಸಿಗುವುದಿಲ್ಲ.

ಈಗ ಲ್ಯಾಪ್‌ಟಾಪಿನಿಂದ 192.168.1.7ಕ್ಕೆ ಪಿಂಗ್ ಮಾಡಿ, ಅಂದರೆ ಕಮಾಂಡ್ ಪ್ರಾಂಪ್ಟಿನಲ್ಲಿ ಪಿಂಗ್ ಎಂದು ಹೊಡೆದು ಆ ನಂಬರ್ ಕೊಟ್ಟು ‘ಇದ್ದೀಯಾ?’ ಎಂದು ಕೂಗಿ ನೋಡಿ. ಎಲ್ಲರೂ ಎಡವುವುದು ಇಲ್ಲೇ. ಉತ್ತರ ಬರದಿದ್ದರೆ ‘ಕನೆಕ್ಷನ್ ಇಲ್ಲ’ ಎಂದು ಎದ್ದುಬಿಡುತ್ತಾರೆ. ಪರದೆಯ ಮೇಲಿನ ಸಾಲು ಓದಿ ಸ್ವಾಮಿ. ‘ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್’ ಎಂದು ನಿಮ್ಮದೇ ವಿಳಾಸದಿಂದ ಬಂದರೆ ಆ ನಂಬರಿನ ಮನೆಯಲ್ಲಿ ಯಾರೂ ಇಲ್ಲ. ಕಂಪ್ಯೂಟರ್ ಮಲಗಿರಬಹುದು, ವಿಳಾಸ ಬದಲಾಗಿರಬಹುದು. ‘ರಿಕ್ವೆಸ್ಟ್ ಟೈಮ್ಡ್ ಔಟ್’ ಬಂದರೆ ಕಥೆ ಬೇರೆ: ಹೆಚ್ಚಾಗಿ ಒಳಗೆ ಜನ ಇರುತ್ತಾರೆ, ಓಗೊಡುತ್ತಿಲ್ಲ, ಅಷ್ಟೇ. ಖಾತ್ರಿಗೆ ಪಿಂಗ್ ಆದ ಕೂಡಲೇ ಎಆರ್‌ಪಿ ಎಂದು ಹೊಡೆದು, ಜಾಗ ಬಿಟ್ಟು, ಹೈಫನ್ ಮತ್ತು ಎ ಸೇರಿಸಿ. ಪಟ್ಟಿಯಲ್ಲಿ 1.7ರ ಎದುರು ಎರಡೆರಡಾಗಿ ಬರೆದ 12 ಅಕ್ಷರ-ಅಂಕಿಗಳು (ಆ ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡಿನ ಗುರುತು) ಕಂಡರೆ ಕಂಪ್ಯೂಟರ್ ಅಲ್ಲೇ ಇದೆ. ತಡೆದಿರುವುದು ಅದರ ಫೈರ್‌ವಾಲ್.

ಪಿಂಗ್ ತಡೆದ ಮಾತ್ರಕ್ಕೆ ಫೋಲ್ಡರಿನ ದಾರಿಯೂ ಮುಚ್ಚಿದೆ ಎಂದಲ್ಲ. ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್ 192.168.1.7 -ಪೋರ್ಟ್ 445 ಎಂದು ಇಂಗ್ಲಿಷಿನಲ್ಲಿ ಕೊಡಿ; 445 ಎಂಬುದು ಫೋಲ್ಡರ್ ಹಂಚುವ ಬಾಗಿಲಿನ ನಂಬರ್. ಕೊನೆಯ ಸಾಲಿನಲ್ಲಿ ‘ಟ್ರೂ’ ಬಂದರೆ ದಾರಿ ಸರಿಯಿದೆ, ಪಾಸ್‌ವರ್ಡ್ ಅಥವಾ ಪರ್ಮಿಷನ್ ನೋಡಿ. ‘ಫಾಲ್ಸ್’ ಬಂದರೆ ಹಾಲ್‌ನ ಕಂಪ್ಯೂಟರಿನ ಸೆಟ್ಟಿಂಗ್ಸ್‌ನಲ್ಲಿ ಮನೆಯ ವೈಫೈ ‘ಪಬ್ಲಿಕ್’ ಎಂದಿದೆಯೇ ನೋಡಿ, ‘ಪ್ರೈವೇಟ್’ ಮಾಡಿ, ಫೈಲ್ ಆ್ಯಂಡ್ ಪ್ರಿಂಟರ್ ಶೇರಿಂಗ್ ಆನ್ ಮಾಡಿ. ಹೆಚ್ಚಿನ ಸಲ ಇಷ್ಟಕ್ಕೇ ಮುಗಿಯುತ್ತದೆ. ಕಾಫಿ ಅಂಗಡಿಯ ವೈಫೈಗೆ ಮಾತ್ರ ಪಬ್ಲಿಕ್ಕೇ ಇರಲಿ.

ಹಾಲ್‌ನ ಕಂಪ್ಯೂಟರ್ ಜೊತೆ ಪುಕ್ಕಟೆ ಬಂದ ಆ್ಯಂಟಿವೈರಸ್ ಇದ್ದರೆ ಅದಕ್ಕೂ ತನ್ನದೇ ಫೈರ್‌ವಾಲ್ ಇರಬಹುದು. ನಾನಾದರೆ ಅದನ್ನು ಕಿತ್ತೇ ಹಾಕುತ್ತೇನೆ, ವಿಂಡೋಸ್‌ನದ್ದೇ ಸಾಕು. ‘ಒಂದೇ ಕ್ಲಿಕ್ಕಿನಲ್ಲಿ ನೆಟ್‌ವರ್ಕ್ ರಿಪೇರಿ’ ಎನ್ನುವ ಸಾಫ್ಟ್‌ವೇರ್‌ಗಳ ಸಹವಾಸವಂತೂ ಬೇಡವೇ ಬೇಡ.

ನಾಲ್ಕು ದಿನ ಸರಿಯಿದ್ದು ಮತ್ತೆ ಕೈಕೊಟ್ಟರೆ ಐಪಿಕಾನ್ಫಿಗ್ ಇನ್ನೊಮ್ಮೆ ನೋಡಿ: 1.7 ಈಗ 1.9 ಆಗಿರಬಹುದು. ರೂಟರ್ ಪುಟದಲ್ಲಿ ಅಡ್ರೆಸ್ ರಿಸರ್ವೇಷನ್ ಹುಡುಕಿ, ಹಾಲ್‌ನ ಕಂಪ್ಯೂಟರಿಗೆ ಒಂದು ನಂಬರ್ ಕಾಯಂ ಮಾಡಿಬಿಡಿ.