ಮೈಸೂರಿನಿಂದ ಲುಸೆರ್ನ್‌ಗೆ, ಕೋಡುಬಳೆ ಡಬ್ಬಿಯ ಸಮೇತ

ಸ್ವಿಟ್ಜರ್‌ಲೆಂಡಿನ ಲುಸೆರ್ನ್‌ಗೆ ಹೊರಟಿದ್ದೆವು. ವಿಮಾನದ ಟಿಕೆಟ್‌ನಲ್ಲಿ ಮೇ 15, ಬೆಳಗಿನ ಜಾವ 4 ಗಂಟೆ ಅಂತ ಇತ್ತು. ನಮ್ಮನೆಯವರು ಕ್ಯಾಲೆಂಡರಿನಲ್ಲಿ 15ರ ಸಂಜೆಗೆ ಗುರುತು ಹಾಕಿ ನೆಮ್ಮದಿಯಾಗಿದ್ದರು. ಹಾಲಿನವನಿಗೆ ಯಾವತ್ತಿನಿಂದ ಬೇಡ ಅನ್ನಬೇಕು ಅಂತ ನಾನು ಲೆಕ್ಕ ಹಾಕುತ್ತಾ ಕೂತಾಗ ಗೊತ್ತಾಯಿತು, ಹೊರಡಬೇಕಾದದ್ದು 14ರ ಸಂಜೆ! ಒಂದು ದಿನ ತಡವಾಗಿ ಹೋಗಿ ಕೌಂಟರಿನಲ್ಲಿ ಪೆಚ್ಚಾಗಿ ನಿಲ್ಲುತ್ತಿದ್ದೆವು. ಇದು 2024ರ ಮಾತು. ನನಗೆ 56, ಅವರಿಗೆ 61, ಇಬ್ಬರಿಗೂ ಇದೇ ಮೊದಲ ದೂರದ ವಿಮಾನ.

ವೀಸಾ ಬಗ್ಗೆ ಜಾಸ್ತಿ ಬರೆಯಲ್ಲ. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗುವ ಷೆಂಗೆನ್ ವೀಸಾಗೆ ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ನಮ್ಮದು ಸ್ವಿಟ್ಜರ್‌ಲೆಂಡ್ ಆರು ರಾತ್ರಿ, ಇಟಲಿ ನಾಲ್ಕು, ಹಾಗಾಗಿ ಸ್ವಿಸ್ ವೀಸಾ. ಕಡಿಮೆ ಅಂದರೆ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಬೇಕೇ ಬೇಕು. ಅಷ್ಟೇ.

ತಲೆನೋವು ಇದ್ದದ್ದು ತಿಂಡಿಯದ್ದು. ಒಂದು ಬಾಟಲಿ ತುಪ್ಪ, ಒಂದು ಹಿಡಿ ಕರಿಬೇವು, ಒಂದು ಗಿಟಕು ಕೊಬ್ಬರಿ ತೆಗೆದಿಟ್ಟಿದ್ದೆ. ನಾದಿನಿ ಮಗಳು ಬಂದು ಮೂರನ್ನೂ ವಾಪಸ್ ಅಡುಗೆಮನೆಗೆ ಕಳಿಸಿದಳು. ಹೊರಗಿನ ದೇಶದ ಹಾಲಿನ ಪದಾರ್ಥ ಅಲ್ಲಿಗೆ ತರೋಹಾಗಿಲ್ಲ, ಹಸಿ ಸೊಪ್ಪಿಗೆ ಸರ್ಟಿಫಿಕೇಟ್ ಬೇಕು, ಇನ್ನು ಒಣ ಕೊಬ್ಬರಿ ಎಣ್ಣೆ ಪದಾರ್ಥ, ಬೇಗ ಬೆಂಕಿ ಹತ್ತುತ್ತೆ ಅಂತ ನಮ್ಮ ಏರ್‌ಪೋರ್ಟಿನಲ್ಲೇ ತೆಗೆಸುತ್ತಾರಂತೆ. ಕೊನೆಗೆ ಎಣ್ಣೆ ಹಾಕಿದ ಚಪಾತಿ, ಚಟ್ನಿಪುಡಿ, ಕೋಡುಬಳೆ. ಇವು ಮೂರೂ ಕೈಚೀಲದಲ್ಲಿ ಆರಾಮಾಗಿ ಹೋದವು.

ಅವರ ಬಿಪಿ ಮಾತ್ರೆಯನ್ನೂ ಡಾಕ್ಟರ ಚೀಟಿಯನ್ನೂ ಕೈಚೀಲದಲ್ಲೇ ಇಟ್ಟೆವು. ಡಾಕ್ಟರನ್ನು ಕೇಳಿ, ಆ ಒಂದು ದಿನ ಅವರ ವಾಚನ್ನು ಮಾತ್ರ ನಮ್ಮ ಸಮಯದಲ್ಲೇ ಬಿಟ್ಟೆವು. ಫೋನ್ ತಾನಾಗಿ ಸಮಯ ಬದಲಾಯಿಸಿಕೊಳ್ಳುತ್ತೆ, ಮಾತ್ರೆಗೆ ಅದನ್ನು ನಂಬಿದರೆ ಗೊಂದಲ.

ಸಂಜೆ 6ಕ್ಕೆ ಮನೆಗೆ ಬೀಗ ಹಾಕಿ ಮೈಸೂರಿನಿಂದ ಬೆಂಗಳೂರು ಏರ್‌ಪೋರ್ಟಿಗೆ ಹೋಗುವ ಫ್ಲೈಬಸ್ ಹತ್ತಿದೆವು. ಬೆಂಗಳೂರಿನ ಟ್ರಾಫಿಕ್‌ಗೆ ಅಂಜಿ ಬೇಗ ಹೊರಟದ್ದು, ಆಮೇಲೆ ಟರ್ಮಿನಲ್ 2ರಲ್ಲಿ ನೇತುಬಿಟ್ಟ ಗಿಡಗಳನ್ನು ನೋಡುತ್ತಾ ಗಂಟೆಗಟ್ಟಲೆ ಕೂತದ್ದಾಯಿತು. ಇರಲಿ, ಓಡುವುದಕ್ಕಿಂತ ಕೂರುವುದು ವಾಸಿ.

ಕತಾರ್‌ನ ದೋಹಾವರೆಗೆ ಒಂದು ವಿಮಾನ, ಅಲ್ಲಿಂದ ಜ್ಯೂರಿಕ್‌ಗೆ ಇನ್ನೊಂದು. ಸೀಟಿನ ವಿಷಯದಲ್ಲಿ ಮೊದಲ ವಿಮಾನದಲ್ಲಿ ಮೋಸ ಹೋದೆವು. ದುಡ್ಡು ಯಾಕೆ ದಂಡ ಅಂತ ಮೊದಲೇ ಆರಿಸಿರಲಿಲ್ಲ. ಅವರು 22ನೇ ಸಾಲು, ನಾನು 37. ಎರಡನೇ ವಿಮಾನಕ್ಕೆ ಕೌಂಟರಿನಲ್ಲಿ ಕೇಳಿ ನಡುದಾರಿಯ ಆಚೆ ಒಂದು ಈಚೆ ಒಂದು ತಗೊಂಡೆವು. ಪಕ್ಕಪಕ್ಕದ ಸೀಟಿಗಿಂತ ಇದೇ ಮೇಲು. ಇಬ್ಬರಿಗೂ ದಾರಿ ಸಿಗುತ್ತೆ, ಬಾತ್‌ರೂಮಿಗೆ ಹೋಗಲು ಯಾರನ್ನೂ ಎಬ್ಬಿಸಬೇಕಿಲ್ಲ, ಕೈ ಚಾಚಿದರೆ ಗಂಡ ಸಿಗುತ್ತಾರೆ.

ಊಟದ ಕತೆ ಕೇಳಿ. ಟಿಕೆಟ್ ಮಾಡಿಸಿದ ಏಜೆಂಟು ನಮಗೆ 'ಹಿಂದೂ ಮೀಲ್' ಬರೆಸಿದ್ದ. ಹಿಂದೂ ಅಂದಮೇಲೆ ಸಸ್ಯಾಹಾರ ಅಂತ ಅವನೂ ಅಂದುಕೊಂಡ, ನಾವೂ ಅಂದುಕೊಂಡೆವು. ಬೆಳಗಿನ ಜಾವ ಐದೂವರೆಗೆ ಮುಚ್ಚಳ ತೆಗೆದರೆ ಕೋಳಿ. ಹಿಂದೂ ಮೀಲ್ ಅಂದರೆ ದನದ ಮಾಂಸ ಇಲ್ಲ ಅಂತ ಮಾತ್ರ. ನಮ್ಮಂಥವರು ಕೇಳಬೇಕಾದದ್ದು 'ಏಷ್ಯನ್ ವೆಜಿಟೇರಿಯನ್'. ಅದನ್ನೂ ಹೊರಡುವ ಒಂದು ದಿನ ಮೊದಲೇ ಹೇಳಿರಬೇಕು, ಹಾಗಾಗಿ ಎರಡನೇ ವಿಮಾನದಲ್ಲೂ ಅದೇ ಕೋಳಿ ಬಂತು. ಚಪಾತಿ ಡಬ್ಬಿ ತೆರೆದೆವು. ಚಟ್ನಿಪುಡಿಯ ಇಂಗು ನಾಲ್ಕು ಸಾಲಿಗೆ ಹಬ್ಬಿತು, ಯಾರೂ ಏನೂ ಅನ್ನಲಿಲ್ಲ.

ದೋಹಾದಲ್ಲಿ ವಿಮಾನ ಬದಲಿಸಲು ಎರಡು ಗಂಟೆ ಇತ್ತು. ಅಲ್ಲಿ ನಡುಮಧ್ಯ ತಲೆಗೆ ದೀಪ ಸಿಕ್ಕಿಸಿಕೊಂಡ ಹಳದಿ ಕರಡಿ ಕೂತಿದೆ, ಎರಡಂತಸ್ತಿನ ಮನೆಯಷ್ಟು ಎತ್ತರ. ತಪ್ಪಿಸಿಕೊಂಡರೆ ಕರಡಿ ಹತ್ತಿರ ಅಂತ ಮಾತಾಡಿಕೊಂಡೆವು. ತಪ್ಪಿಸಿಕೊಂಡೆವು ಕೂಡ.

ದೋಹಾದಿಂದ ಜ್ಯೂರಿಕ್ ಆರೂವರೆ ಗಂಟೆ. ವಿಮಾನದೊಳಗಿನ ಗಾಳಿಯ ಒತ್ತಡ 6,000ದಿಂದ 8,000 ಅಡಿ ಎತ್ತರದಲ್ಲಿ ಇದ್ದಂತೆ ಇರುತ್ತದೆ. ಅಂದರೆ ಮುಳ್ಳಯ್ಯನಗಿರಿ ತುದಿಯಲ್ಲಿ ಅಷ್ಟು ಹೊತ್ತು ಕಾಲು ಇಳಿಬಿಟ್ಟು ಕೂತ ಲೆಕ್ಕ, ಜೊತೆಗೆ ಗಂಟಲು ಒಣಗುವ ಗಾಳಿ. ನಾನು ಗಂಟೆಗೊಮ್ಮೆ ಎದ್ದು ಹಿಂದಿನವರೆಗೆ ನಡೆದು ನೀರು ಕುಡಿದು ಬಂದೆ. ಅವರು ಸಿನಿಮಾ ಮೇಲೆ ಸಿನಿಮಾ ನೋಡಿದರು. ಕೂತಲ್ಲೇ ಕೂತು ಕಾಲು ಊದಿ, ಇಳಿಯುವಾಗ ಅವರ ಹೊಸ ಶೂ ಹತ್ತಲೇ ಇಲ್ಲ! "ಅಲ್ಲ ಕಣೇ, ನಿನ್ನೆ ಸರಿಯಾಗಿತ್ತಲ್ಲ" ಅಂತ ನನ್ನನ್ನೇ ಕೇಳಿದರು. ಲೇಸು ಪೂರ್ತಿ ಬಿಚ್ಚಿ, ಹಿಮ್ಮಡಿ ಹೊರಗೇ ಬಿಟ್ಟು, ಚಪ್ಪಲಿ ಥರ ಎಳೆಯುತ್ತಾ ಜ್ಯೂರಿಕ್‌ನಲ್ಲಿ ಇಳಿದರು.

ಅಲ್ಲಿ ವಿಮಾನದಿಂದ ಮುಖ್ಯ ಕಟ್ಟಡಕ್ಕೆ ಸುರಂಗದಲ್ಲಿ ಒಂದು ಪುಟ್ಟ ರೈಲು. ಅದು ಹೊರಟ ಕೂಡಲೇ ಹಸುವಿನ ಕೊರಳ ಗಂಟೆ, ಆಮೇಲೆ ಅಂಬಾ! ನಿದ್ದೆಗಣ್ಣಲ್ಲಿದ್ದ ನಾನು ಬೆಚ್ಚಿಬಿದ್ದೆ. ಪ್ರವಾಸಿಗರಿಗಾಗಿ ಹಾಕಿದ ರೆಕಾರ್ಡು ಅದು.

ಇಮಿಗ್ರೇಷನ್‌ನಲ್ಲಿ ಅವರು ಎರಡಿಂಚು ದಪ್ಪದ ಫೈಲು ಬಿಚ್ಚಿದರು. ಆಫೀಸರು ವಾಪಸ್ ಟಿಕೆಟ್ ಒಂದನ್ನೇ ನೋಡಿ ಮುದ್ರೆ ಒತ್ತಿ ಕಳಿಸಿದ. ಅವರಿಗೆ ಕೊಂಚ ಬೇಜಾರಾಯಿತು.

ಏರ್‌ಪೋರ್ಟಿನ ಕೆಳಗೇ ರೈಲ್ವೆ ಸ್ಟೇಷನ್, ಲುಸೆರ್ನ್‌ಗೆ ನೇರ ರೈಲು, ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ. ರೂಮು ಸೇರಿದಾಗ ಮನೆ ಬಿಟ್ಟು 25 ಗಂಟೆ ದಾಟಿತ್ತು. ಅಲ್ಲಿ ಸಂಜೆ 4, ಅವರ ವಾಚಿನಲ್ಲಿ ಏಳೂವರೆ. ಹಾಸಿಗೆ ಕಂಡದ್ದೇ ಅವರು ಉರುಳಿಕೊಳ್ಳಲು ಹೋದರು. "ರೀ, ಈಗ ಮಲಗಿದರೆ ಕೆಟ್ಟಿರಿ" ಅಂತ ಎಬ್ಬಿಸಿ, ಹವಾಯಿ ಚಪ್ಪಲಿ ಹಾಕಿಸಿ, ಮರದ ಸೇತುವೆವರೆಗೂ ನಡೆಸಿಕೊಂಡು ಹೋದೆ. ಎಂಟು ಗಂಟೆಗೂ ಬೆಳಕಿತ್ತು. ಒಂಬತ್ತಕ್ಕೆ ಮಲಗಿದೆವು.

ಮೂರಕ್ಕೆ ಇಬ್ಬರಿಗೂ ಎಚ್ಚರ. ಕಾಫಿ ಮಾಡೋಣ ಅಂತ ಮನೆಯಿಂದ ತಂದ ಪುಟ್ಟ ಕೆಟಲ್ ತೆಗೆದೆ. ಮೂರು ಕಡ್ಡಿಯ ಪ್ಲಗ್ಗು. ಮೈಸೂರಿನಲ್ಲಿ 'ಯುರೋಪಿಂದು' ಅಂತ ಕೊಟ್ಟ ದುಂಡಗಿನ ಅಡಾಪ್ಟರು ಸ್ವಿಸ್ ಸಾಕೆಟ್ಟಿನ ಆರು ಮೂಲೆಯ ಗುಂಡಿಗೆ ಇಳಿಯಲೇ ಇಲ್ಲ. ಎರಡು ಕಡ್ಡಿಯ ಫೋನ್ ಚಾರ್ಜರು ಮಾತ್ರ ಸಲೀಸಾಗಿ ಕೂತಿತು.

ಅವರು ಕತ್ತಲಲ್ಲೇ ವಾಚು ನೋಡಿ, "ಆರೂವರೆ. ಹಾಲಿನವನು ಬರೋ ಹೊತ್ತು" ಅಂದರು. ಕೋಡುಬಳೆ ತಿಂದು ನಲ್ಲಿ ನೀರು ಕುಡಿದೆವು.