ಹೋದ ಸಂತೆಗೆ ಅವರೇ ಹೋಗಿದ್ರಾ?

ಎಂಡಿ ಥೀಸಿಸ್‌ಗೆ ಟಿಬಿ ಮೆನಿಂಜೈಟಿಸ್ (ಮಿದುಳಿನ ಪೊರೆಗೆ ತಗಲೋ ಟಿಬಿ) ತಗೊಂಡಾಗ ಮೊದಲು ಹಳೇ ಕೇಸ್ ಶೀಟ್‌ಗಳನ್ನು ತೆಗೆಸಿದೆ. ಎಲ್ಲದರ ಮೇಲೂ 'ಟಿಬಿಎಂ' ಅಂತಲೇ ಇತ್ತು. ಒಂದರಲ್ಲಿ ಕಲ್ಚರ್ ಪಾಸಿಟಿವ್, ಅಂದರೆ ಲ್ಯಾಬ್‌ನಲ್ಲಿ ರೋಗಾಣು ಬೆಳೆದಿತ್ತು. ಇನ್ನೊಂದರಲ್ಲಿ ಸ್ಕ್ಯಾನ್ ನೋಡಿ ಕಟ್ಟಿದ ಅಂದಾಜು. ಮತ್ತೊಂದರಲ್ಲಿ ಬೇರೆ ಔಷಧಿಗೆ ಜ್ವರ ಬಿಡಲಿಲ್ಲ ಅನ್ನೋದಷ್ಟೇ ಕಾರಣ. ಇವನ್ನೆಲ್ಲ ಒಟ್ಟಿಗೆ ಲೆಕ್ಕ ಹಾಕಿದರೆ ರಾಗಿಗೆ ಸಾಸಿವೆ ಬೆರೆಸಿ ಅಳೆದಂತೆ, ಅಲ್ವಾ?

2010ರಲ್ಲಿ ವೈದ್ಯಕೀಯ ಪತ್ರಿಕೆ 'ಲ್ಯಾನ್ಸೆಟ್ ಇನ್‌ಫೆಕ್ಷಸ್ ಡಿಸೀಸಸ್'ನಲ್ಲಿ ಬಂದ, ಇದು ಟಿಬಿಎಂ ಹೌದಾ ಅಂತ ಅಂಕ ಕೊಟ್ಟು ತೂಗೋ ಪಟ್ಟಿಯನ್ನೇ ಹಿಡಿದೆ. ಬೆನ್ನುನೀರಿನಲ್ಲಿ (ಮಿದುಳು, ಬೆನ್ನುಹುರಿಯ ಸುತ್ತ ಇರೋ ದ್ರವ) ಟಿಬಿ ರೋಗಾಣು ಸಿಕ್ಕರೆ ಖಚಿತ. ಸಿಗದಿದ್ದರೆ, ಬೇರೆ ಕಾಯಿಲೆ ಅಲ್ಲ ಅಂತಾದ ಮೇಲೆ ಅಂಕ ಕೂಡಿಸಬೇಕು. ಸ್ಕ್ಯಾನ್ ಆಗಿದ್ದರೆ 12, ಆಗಿಲ್ಲದಿದ್ದರೆ 10 ಮುಟ್ಟಿದರೆ 'ಪ್ರಾಬಬಲ್', ಅಂದರೆ ಬಹುಶಃ ಟಿಬಿಎಂ.

ಓದೋಕೆ ಸುಲಭ. ತೊಂದರೆ ಶುರುವಾಗಿ 5 ದಿನ ದಾಟಿದ್ದರೆ ಒಂದೇ ಏಟಿಗೆ 4 ಅಂಕ. ಆದರೆ ನಮ್ಮಲ್ಲಿ "ಒಂದು ವಾರದಿಂದ ಡಾಕ್ಟ್ರೇ" ಅಂದರೆ ಮೂರು ದಿನವೂ ಆಗಬಹುದು, ಮೂರು ವಾರವೂ ಆಗಬಹುದು. ದಿನ ಕೇಳೋದನ್ನೇ ಬಿಟ್ಟೆ. "ಹೋದ ಸಂತೆಗೆ ಅವರೇ ಹೋಗಿದ್ರಾ? ಅದರ ಹಿಂದಿನ ಸಂತೆಗೆ?" ಅಂತ ಕೇಳಿದೆ. ಸಂತೆ ಯಾವತ್ತು ಅಂತ ಎಲ್ಲರಿಗೂ ಗೊತ್ತು. ಈ ಪ್ರಶ್ನೆಯನ್ನೇ ಫಾರಂನಲ್ಲಿ ಅಚ್ಚು ಹಾಕಿಸಿದೆ. ಇಂಟರ್ನ್‌ಗಳು ಮೊದಲು ನಕ್ಕರು.

ಬೆನ್ನುನೀರಿನದು ಬೇರೆ ಗೋಳು. 2 ಎಂಎಲ್ ತೆಗೆದು ಮೂರು ಲ್ಯಾಬ್‌ಗೆ ಹಂಚುತ್ತಿದ್ದೆವು. ಅದರಲ್ಲಿ ರೋಗಾಣು ಇರೋದೇ ಬೆರಳೆಣಿಕೆಯಷ್ಟು, ಸಿಗೋದಾದರೂ ಹೇಗೆ? ದೊಡ್ಡವರಿಗೆ, ತೆಗೆಯೋದು ಅಪಾಯವಲ್ಲ ಅನ್ನಿಸಿದರೆ, ಕನಿಷ್ಠ 6, ಸಾಧ್ಯವಾದರೆ 10 ಎಂಎಲ್ ಅಂತ ನಿಯಮ ಮಾಡಿಕೊಂಡೆವು. "ನೀರು ತೆಗೆದರೆ ಸೊಂಟ ಬಿದ್ದುಹೋಗುತ್ತಂತೆ" ಅಂತ ಮನೆಯವರು ಹೆದರುತ್ತಾರೆ. ದಿನಕ್ಕೆ ಸುಮಾರು ಅರ್ಧ ಲೀಟರ್ ಊರುತ್ತೆ, 10 ಎಂಎಲ್ ಅರ್ಧ ಗಂಟೆಯಲ್ಲಿ ತುಂಬಿಕೊಳ್ಳುತ್ತೆ ಅಂತ ಬಿಡಿಸಿ ಹೇಳಿದರೆ ಒಪ್ಪುತ್ತಾರೆ. ಬೆನ್ನುನೀರು ತೆಗೆಯೋ ಟ್ರೇಯಲ್ಲೇ ಗ್ಲೂಕೋಮೀಟರ್ ಇಟ್ಟೆ. ಬೆನ್ನುನೀರಿನ ಶುಗರ್ ರಕ್ತದ್ದರ ಅರ್ಧಕ್ಕಿಂತ ಕಮ್ಮಿಯಾ ಅಂತ ನೋಡಬೇಕು. ಬೆಳಿಗ್ಗೆಯ ರಕ್ತಕ್ಕೆ ಸಂಜೆಯ ನೀರು ಹೋಲಿಸಿ ಏನು ಪ್ರಯೋಜನ?

ಆರು ತಿಂಗಳಿಗೆ ಫೋನ್ ಮಾಡಿ ರ‍್ಯಾಂಕಿನ್ ಸ್ಕೇಲ್ ತುಂಬಬೇಕಿತ್ತು. ರೋಗಿಗೆ ಎಷ್ಟು ಊನ ಉಳಿದಿದೆ ಅಂತ ಅಳೆಯೋದು ಅದು: 0 ಅಂದರೆ ಏನೂ ತೊಂದರೆ ಇಲ್ಲ, 6 ಅಂದರೆ ಸಾವು. "ಹೇಗಿದ್ದಾರೆ?" ಅಂದರೆ ಎಲ್ಲರದ್ದೂ ಒಂದೇ ಉತ್ತರ, "ಪರವಾಗಿಲ್ಲ." ಒಬ್ಬ ತಾಯಿಯೂ ಹಾಗೇ ಅಂದರು. ನಾನು 2 ಅಂತ ಬರೆಯೋದರಲ್ಲಿದ್ದೆ. ಸುಮ್ನೆ ಇನ್ನೊಂದು ಕೇಳಿದೆ, "ಸ್ನಾನ ಅವನೇ ಮಾಡ್ತಾನಾ, ಅಮ್ಮಾ?"

"ಇಲ್ಲಪ್ಪ, ಬಚ್ಚಲಿಗೆ ನಾನೂ ಅವರಪ್ಪಾನೂ ಹಿಡ್ಕೊಂಡು ಹೋಗ್ತೀವಿ. ಸ್ನಾನ ನಾನೇ ಮಾಡಿಸ್ತೀನಿ."

4 ಅಂತ ಬರೆದೆ.